ಟೈಗರ್ ಮಾತ್‌ನ ಹಿಂದಿನ ಸೀಟಿಗೊಬ್ಬ ಪೈಲಟ್

ಕಳೆದ ನವೆಂಬರ್‌ನಲ್ಲಿ ನನ್ನ ಪೈಲಟ್ ವಿಮಾನದಿಂದ ಬಿದ್ದುಹೋದ.

ಊರಾಚೆಯ ಬಯಲಿನಲ್ಲಿ ನನ್ನ ಟೈಗರ್ ಮಾತ್ ಹಾರಿಸುತ್ತಿದ್ದೆ, ಹಳೆಯ ಕಾಲದ ವಿಮಾನವೊಂದರ ರೇಡಿಯೊ ಕಂಟ್ರೋಲ್ ಮಾಡೆಲ್. ಗಾಳಿ ಇರಲಿಲ್ಲ, ಧೈರ್ಯ ಸ್ವಲ್ಪ ಜಾಸ್ತಿಯಾಗಿತ್ತು. ಒಂದು ಸ್ಲೋ ರೋಲ್ ಹೊಡೆಯೋಣ ಅನಿಸಿತು. ವಿಮಾನ ಅಂಗಾತವಾಗಿ ಎರಡು ಸೆಕೆಂಡ್ ಹಾಗೇ ತೇಲಿತು. ಅಷ್ಟರಲ್ಲಿ ಹಿಂದಿನ ಕಾಕ್‌ಪಿಟ್‌ನಿಂದ ಕಪ್ಪಗೆ ಏನೋ ಕಳಚಿಕೊಂಡು ನೆಟ್ಟಗೆ ಕೆಳಗೆ ಹೋಯಿತು. ಪಕ್ಕದಲ್ಲಿ ಕೊಯ್ಲಿಗೆ ಬಂದಿದ್ದ ರಾಗಿ ಹೊಲ. ಸದ್ಯ, ಅಲ್ಲಿ ಆಗ ಯಾರೂ ಬಗ್ಗಿ ಕೆಲಸ ಮಾಡುತ್ತಿರಲಿಲ್ಲ. 40 ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ನೂರು ಕಿ.ಮೀ. ಹತ್ತಿರದ ವೇಗದಲ್ಲಿರುತ್ತದೆ. ನನ್ನ ಪೈಲಟ್ ತೂಗುತ್ತಿದ್ದದ್ದು 310 ಗ್ರಾಂ. ಅವನನ್ನು ಹಿಡಿದಿಟ್ಟಿದ್ದದ್ದು ಎರಡು ಸಣ್ಣ ಮ್ಯಾಗ್ನೆಟ್. ಈಗ ನೆನೆಸಿಕೊಂಡರೂ ನಾಚಿಕೆಯಾಗುತ್ತದೆ.

ವಿಮಾನ ಇಳಿಸಿ ಹೊಲದ ಬದುವಿನ ಮೇಲೆ ಹುಡುಕುತ್ತಾ ಹೋದೆ. ಎದುರಿಗೆ ಹೊಲದ ಅಮ್ಮ ಬಂದರು. ಒಂದು ಕೈಯಲ್ಲಿ ತಲೆ, ಇನ್ನೊಂದರಲ್ಲಿ ಮುಂಡ.

"ಹೊಲಕ್ಕೆ ದೃಷ್ಟಿ ಬೊಂಬೆ ನಾವೇ ಕಟ್ಟಿದೀವಿ ಕಣಪ್ಪ. ನೀನ್ಯಾಕೆ ಮೇಲಿಂದ ಇನ್ನೊಂದು ಬಿಸಾಕ್ದೆ?"

"ಅದು ಬೊಂಬೆ ಅಲ್ಲಮ್ಮಾ, ಪೈಲಟ್ಟು."

ಅವರು ತಲೆಯನ್ನು ತಿರುಗಿಸಿ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಇನ್ನೇನೂ ಹೇಳಲಿಲ್ಲ.

ಮನೆಗೆ ಬಂದು ಮೇಜಿನ ಮೇಲೆ ಇಟ್ಟು ನೋಡಿದೆ. ಆಯಮ್ಮ ಹೇಳಿದ್ದು ನಿಜ. ದುಂಡಗೆ ಬಿಟ್ಟ ಬಿಳಿ ಕಣ್ಣು, ಮಧ್ಯೆ ಕಪ್ಪು ಚುಕ್ಕೆ, ಬಾಟಲಿಯ ಹಾಗೆ ನೆಟ್ಟಗಿನ ಕತ್ತು, ಬುರುಡೆಯಷ್ಟು ದೊಡ್ಡ ತಲೆ. ಕಟ್ಟುತ್ತಿರುವ ಮನೆಯ ಮುಂದೆ ನೇತುಹಾಕಿದ್ದರೆ ಒಳ್ಳೆ ಕೆಲಸ ಮಾಡುತ್ತಿತ್ತು. ಎರಡು ವರ್ಷ ವಿಮಾನದ ರೆಕ್ಕೆಯ ಒಂದೊಂದು ಪಕ್ಕೆಲುಬನ್ನೂ ಅಳೆದು ಕಟ್ಟಿದವನು ನಾನು. ಪೈಲಟ್‌ನನ್ನು ಮಾತ್ರ ಒಂದೇ ಸಂಜೆಯಲ್ಲಿ, ಉಳಿದ ಎಪಾಕ್ಸಿ ಪುಟ್ಟಿಯಲ್ಲಿ ಮೆತ್ತಿ ಕೂರಿಸಿದ್ದೆ. ಹೊಸಬನನ್ನು ಮಾಡಲು ಎಂಟು ಭಾನುವಾರ ಹಿಡಿಯಿತು. ಅದರ ಲೆಕ್ಕ ಇಲ್ಲಿದೆ.

ಮೊದಲು ವಿಮಾನದ ವಿಷಯ ಸ್ವಲ್ಪ. ಡಿ ಹ್ಯಾವಿಲೆಂಡ್ ಟೈಗರ್ ಮಾತ್ ಮೊದಲು ಹಾರಿದ್ದು 1931ರ ಅಕ್ಟೋಬರ್ 26ರಂದು, ಇಂಗ್ಲೆಂಡಿನಲ್ಲಿ. ಎರಡು ಸಾಲು ರೆಕ್ಕೆ, 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್, ಒಂದರ ಹಿಂದೆ ಒಂದು ಎರಡು ತೆರೆದ ಕಾಕ್‌ಪಿಟ್. ಎರಡನೇ ಮಹಾಯುದ್ಧದ ಹೊತ್ತಿಗೆ ನಮ್ಮ ದೇಶದಲ್ಲೂ ಹುಡುಗರು ಹಾರಾಟ ಕಲಿತದ್ದು ಇದರಲ್ಲೇ. ಆಮೇಲೆ ಇದರ ಜಾಗಕ್ಕೆ ಬಂದದ್ದು ಬೆಂಗಳೂರಿನಲ್ಲೇ ಹುಟ್ಟಿದ ಎಚ್‌ಟಿ-2. ವಿ. ಎಂ. ಘಾಟಗೆ ಅವರು ವಿನ್ಯಾಸ ಮಾಡಿದ ಆ ವಿಮಾನ 1951ರ ಆಗಸ್ಟ್‌ನಲ್ಲಿ ಹಾರಿತು. ಹಾಗಾಗಿ ನನ್ನ ಪೈಲಟ್ ಟೈಗರ್ ಮಾತ್‌ನಲ್ಲಿ ಒಂಟಿಯಾಗಿ ಹಾರುವ ನಮ್ಮ ಕಡೆಯ ಹುಡುಗ ಅಂತ ಮೊದಲೇ ತೀರ್ಮಾನ ಮಾಡಿಕೊಂಡೆ. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸು. ಸಣ್ಣ ಮೀಸೆ.

ಅವನು ಹಿಂದಿನ ಸೀಟಿನಲ್ಲಿ ಯಾಕೆ ಅಂತ ಬಯಲಿಗೆ ಬಂದವರೆಲ್ಲ ಕೇಳುತ್ತಾರೆ. ಟೈಗರ್ ಮಾತ್‌ನಲ್ಲಿ ಕಲಿಸುವವರು ಮುಂದೆ, ಕಲಿಯುವವನು ಹಿಂದೆ. ಮುಂದಿನ ಸೀಟು ವಿಮಾನದ ತೂಕದ ಕೇಂದ್ರಕ್ಕೆ ಹತ್ತಿರ. ಅಲ್ಲಿ ಆಳು ಇದ್ದರೂ ಇಲ್ಲದಿದ್ದರೂ ಸಮತೋಲ ಹೆಚ್ಚು ಕೆಡುವುದಿಲ್ಲ. ಅದಕ್ಕೇ ಒಬ್ಬನೇ ಹಾರುವಾಗ ಹಿಂದೆ ಕೂರಬೇಕು.

ಮಾಡೆಲ್‌ನಲ್ಲಿ ಇದೇ ತಲೆನೋವು. ನನ್ನ ವಿಮಾನ ನಾಲ್ಕನೇ ಒಂದು ಅಳತೆಯದು. ಅಸಲಿ ರೆಕ್ಕೆ 8.94 ಮೀಟರ್, ನನ್ನದು 223.5 ಸೆಂ.ಮೀ. ಹಿಂದಿನ ಸೀಟು ತೂಕದ ಕೇಂದ್ರದಿಂದ 22 ಸೆಂ.ಮೀ. ಹಿಂದಿದೆ. ಮೂಗಿನಲ್ಲಿ ಸೀಸ ಇಡುವ ಜಾಗ 44 ಸೆಂ.ಮೀ. ಮುಂದಿದೆ. ಅಂದರೆ ಪೈಲಟ್ ಎಷ್ಟು ತೂಗುತ್ತಾನೋ ಅದರ ಅರ್ಧದಷ್ಟು ಸೀಸ ಮುಂದೆ ಹಾಕಬೇಕು. 310 ಗ್ರಾಂ ಬೊಂಬೆಗೆ 155 ಗ್ರಾಂ ಸೀಸ. ಒಟ್ಟು ಅರ್ಧ ಕಿಲೊ ಹತ್ತಿರ, ಸುಮ್ನೆ ದಂಡ! ಹೊಸಬ 120 ಗ್ರಾಂ ದಾಟಬಾರದು ಅಂತ ಗೋಡೆ ಮೇಲೆ ಬರೆದು ಅಂಟಿಸಿದೆ.

ಅಳತೆಗೆ ಬೇರೆ ಯಾರನ್ನೂ ಹುಡುಕಲಿಲ್ಲ. ಕಾಲುಮಣೆಯ ಮೇಲೆ ಕಾಲು ಚಾಚಿ, ಕೈಯಲ್ಲಿ ಚಪಾತಿ ಲಟ್ಟಣಿಗೆಯನ್ನು ಜಾಯ್‌ಸ್ಟಿಕ್ ಅಂತ ಹಿಡಿದು ನಾನೇ ಕೂತೆ. ಅಣ್ಣನ ಮಗಳು ಮೊಬೈಲ್‌ನಲ್ಲಿ ನಾಲ್ಕೂ ಕಡೆಯಿಂದ ಫೋಟೊ ತೆಗೆದಳು. ಹತ್ತಿರ ನಿಂತು ತೆಗೆದರೆ ಮೂಗು, ಮೊಣಕಾಲು ದೊಡ್ಡದಾಗಿ ಬಂದು ಅಳತೆ ಕೆಡುತ್ತದೆ. ಅದಕ್ಕೆ ಐದು ಮೀಟರ್ ದೂರ ನಿಲ್ಲಿಸಿ ಝೂಮ್ ಮಾಡಿಸಿದೆ. ಪಕ್ಕದಲ್ಲಿ ಒಂದು ಅಡಿ ಸ್ಕೇಲನ್ನು ಗೋಡೆಗೆ ಅಂಟಿಸಿದ್ದೆ.

"ಚಿಕ್ಕಪ್ಪ, ಹೊಟ್ಟೆ ಒಳಗೆ ಎಳ್ಕೋ. ನಿನ್ನ ಪೈಲಟ್‌ಗೆ ಇಪ್ಪತ್ತೆರಡು ವರ್ಷ ತಾನೆ?"

ಹೊಟ್ಟೆಯನ್ನು ಆಮೇಲೆ ಕಾಗದದ ಮೇಲೆ ಕತ್ತರಿಸಿದೆ. ಉಳಿದದ್ದು ಹೀಗೆ ಬಂತು. ಕೂತಾಗ ಸೀಟಿನಿಂದ ನೆತ್ತಿಗೆ 88 ಸೆಂ.ಮೀ., ಮಾಡೆಲ್‌ಗೆ 22. ಭುಜದ ಅಗಲ 46, ಮಾಡೆಲ್‌ಗೆ 11.5. ಗಲ್ಲದಿಂದ ನೆತ್ತಿಗೆ 22.4, ಮಾಡೆಲ್‌ಗೆ 5.6. ಹಳೆಯ ಬೊಂಬೆಯ ತಲೆ ಅಳೆದರೆ 7.5 ಇತ್ತು. ನಾಲ್ಕರಿಂದ ಗುಣಿಸಿದರೆ 30 ಸೆಂ.ಮೀ. ತಲೆ! ದೂರದಿಂದ ನೋಡಿದವರಿಗೆ ಏನು ತಪ್ಪು ಅಂತ ಗೊತ್ತಾಗದಿದ್ದರೂ, ಏನೋ ತಪ್ಪಿದೆ ಅಂತ ಗೊತ್ತಾಗಿಬಿಡುತ್ತದೆ. ತಲೆ ದೊಡ್ಡದಾದರೆ ವಿಮಾನವೇ ಆಟಿಕೆಯ ಹಾಗೆ ಕಾಣುತ್ತದೆ. ಎಲ್ಲ ತಪ್ಪಿಗಿಂತ ಇದೇ ದೊಡ್ಡ ತಪ್ಪು ಅನ್ನೋದು ನನ್ನ ಅನುಭವ. ಮುಖ ಚೆನ್ನಾಗಿ ಬರದಿದ್ದರೂ ನಡೆಯುತ್ತದೆ. ತಲೆ, ಭುಜ, ಕತ್ತು ಇವುಗಳ ಅಳತೆ ತಪ್ಪಿದರೆ ನಡೆಯುವುದಿಲ್ಲ.

ಇನ್ನೊಂದು ಎಡವಟ್ಟು ಇಲ್ಲೇ ಸಿಕ್ಕಿತು. ಕಾಗದದಲ್ಲಿ ಆಕಾರ ಕತ್ತರಿಸಿ ಕಾಕ್‌ಪಿಟ್‌ನಲ್ಲಿ ಇಟ್ಟರೆ ಹುಡುಗ ಬಾವಿಯೊಳಗೆ ಕೂತ ಹಾಗೆ ಕಂಡ. ಮೂಗು ಮಾತ್ರ ಹೊರಗೆ. ಅಳತೆ ಎಲ್ಲ ಸರಿಯಿದೆ, ಆದರೂ ಹೀಗೆ. ಆಮೇಲೆ ಹೊಳೆಯಿತು. ಟೈಗರ್ ಮಾತ್‌ನ ಸೀಟು ಬಾಣಲೆಯಂತೆ ಗುಂಡಿ ಇರುವ ಲೋಹದ ಸೀಟು. ಆ ಗುಂಡಿಯಲ್ಲಿ ಪ್ಯಾರಾಶೂಟ್ ಗಂಟು ಕೂರುತ್ತದೆ, ಅದರ ಮೇಲೆ ಪೈಲಟ್. ನನ್ನ ಹುಡುಗನಿಗೆ ಪ್ಯಾರಾಶೂಟೇ ಇರಲಿಲ್ಲ. ಎರಡೂವರೆ ಸೆಂ.ಮೀ. ದಪ್ಪದ ಒಂದು ಫೋಮ್ ತುಂಡು ಇಟ್ಟೆ. ತಟ್ಟನೆ ಕಣ್ಣು ವಿಂಡ್‌ಸ್ಕ್ರೀನ್ ಮಟ್ಟಕ್ಕೆ ಬಂತು.

ಮೈ ಮಾಡಿದ್ದು ನೀಲಿ ಫೋಮ್‌ನಲ್ಲಿ. ಎಸಿ ರೂಮುಗಳ ಗೋಡೆಗೆ ಹಾಕುವ ಗಟ್ಟಿ ಹಾಳೆ ಇದು. ಟಿವಿ ಡಬ್ಬದ ಥರ್ಮಾಕೋಲ್‌ನಲ್ಲೂ ಆಗುತ್ತದೆ, ಆದರೆ ಕೆತ್ತುವಾಗ ಮಣಿ ಮಣಿಯಾಗಿ ಉದುರಿ ಮನೆ ತುಂಬ ಹಾರಾಡುತ್ತದೆ. ಮುಂಭಾಗದ ಮತ್ತು ಪಕ್ಕದ ಫೋಟೊಗಳನ್ನು ಅಳತೆಗೆ ತಕ್ಕ ಹಾಗೆ ಪ್ರಿಂಟ್ ಮಾಡಿ, ಫೋಮ್ ಮೇಲೆ ಅಂಟಿಸಿ, ಮೊದಲು ಒಂದು ಕಡೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ ಕತ್ತರಿಸಿದೆ. ಆಮೇಲೆ ಕಟ್ಟರ್ ಬ್ಲೇಡ್ ಮತ್ತು 120 ನಂಬರಿನ ಉಪ್ಪುಕಾಗದ. ತೋಳುಗಳನ್ನು ಬೇರೆ ಕೆತ್ತಿ ಬಿದಿರು ಕಡ್ಡಿ ಚುಚ್ಚಿ ಫೆವಿಕಾಲ್‌ನಿಂದ ಕೂರಿಸಿದೆ. ಕಾಲು ಮೊಣಕಾಲಿನವರೆಗೆ ಮಾತ್ರ. ಅದರಾಚೆ ಸರ್ವೊಗಳಿವೆ, ಅಂದರೆ ರೇಡಿಯೊ ಮಾತು ಕೇಳಿ ವಿಮಾನದ ಭಾಗಗಳನ್ನು ಆಡಿಸುವ ಪುಟ್ಟ ಮೋಟಾರುಗಳು. ಆ ಕಡೆ ಯಾರಿಗೂ ಕಾಣುವುದಿಲ್ಲ. ತೊಡೆ ಮಾತ್ರ ಬೇಕೇ ಬೇಕು, ಯಾಕಂದರೆ ಟೈಗರ್ ಮಾತ್‌ನ ಕಾಕ್‌ಪಿಟ್‌ಗೆ ಪಕ್ಕದಲ್ಲಿ ಕೆಳಕ್ಕೆ ಮಡಚುವ ಬಾಗಿಲಿದೆ. ಅದು ತೆರೆದಾಗ ಸೊಂಟದಿಂದ ಕತ್ತರಿಸಿದ ಮನುಷ್ಯ ಕಂಡರೆ ನೋಡುವವರ ಮುಖ ಹೇಗಾಗಬೇಕು?

ಫೋಮ್‌ನ ಮೈ 30 ಗ್ರಾಂ ಬಂತು. ಖುಷಿಯಲ್ಲಿ, ಗಡಿಬಿಡಿಯಲ್ಲಿ, ಪ್ರೈಮರ್ ಅಂತ ಸ್ಪ್ರೇ ಪೇಂಟ್ ಹೊಡೆದುಬಿಟ್ಟೆ. ಹತ್ತು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಎದೆ ಒಳಗೆ ಕುಸಿಯತೊಡಗಿತು, ಬಿಸಿ ಮುದ್ದೆಗೆ ಬೆರಳು ಒತ್ತಿದ ಹಾಗೆ. ಆ ಪೇಂಟ್‌ನಲ್ಲಿನ ಥಿನ್ನರ್ ಫೋಮನ್ನು ಕರಗಿಸುತ್ತದೆ ಅಂತ ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಹತ್ತು ಜನರಿಗೆ ನಾನೇ ಹೇಳಿದ್ದೇನೆ. ಆ ಭಾನುವಾರ ಹಾಳು. ಇನ್ನೊಂದು ಮೈ ಕೆತ್ತಿದೆ. ಎರಡನೆಯದು ಮೊದಲನೆಯದಕ್ಕಿಂತ ಚೆನ್ನಾಗಿಯೇ ಬಂತು ಅನ್ನಿ. ಎಡಭುಜ ಸ್ವಲ್ಪ ಕೆಳಗೆ, ಎಂಜಿನ್ ವೇಗ ಏರಿಸಿ ಇಳಿಸುವ ಹಿಡಿಯಾದ ಥ್ರಾಟಲ್ ಕಡೆಗೆ ಇಳಿದಿದೆ. ಮೊದಲನೆಯವನು ಮೆರವಣಿಗೆಯಲ್ಲಿ ನಿಂತ ಸಿಪಾಯಿಯ ಹಾಗಿದ್ದ.

ತಲೆಯ ಕೆಲಸಕ್ಕೆ ಮೂರು ಭಾನುವಾರ ಹೋಯಿತು. ಮಕ್ಕಳ ಪ್ಲಾಸ್ಟಿಸಿನ್ ಮಣ್ಣನ್ನು ಒಂದು ಕಡ್ಡಿಯ ಮೇಲೆ ಮೊಟ್ಟೆಯಾಕಾರಕ್ಕೆ ಮೆತ್ತಿ, ಎದುರಿಗೆ ಕನ್ನಡಿ ಇಟ್ಟುಕೊಂಡು ಶುರು ಮಾಡಿದೆ. ಮೊದಲು ನಾಲ್ಕು ಗೆರೆ. ಕಣ್ಣು ತಲೆಯ ಅರ್ಧ ಎತ್ತರದಲ್ಲಿ. ನಾವೆಲ್ಲ ಅದನ್ನು ಮೇಲೆ ಹಾಕುತ್ತೇವೆ, ಕೂದಲು ಇರುವ ಜಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ. ಕತ್ತು ತಲೆಯ ಕೆಳಗೆ ನೆಟ್ಟಗೆ ನಿಲ್ಲುವುದಿಲ್ಲ. ಹಿಂದಿನಿಂದ ಹೊರಟು ಮುಂದಕ್ಕೆ ಓರೆಯಾಗಿ ಬರುತ್ತದೆ. ಪಕ್ಕದಿಂದ ಕನ್ನಡಿಯಲ್ಲಿ ನೋಡಿಕೊಂಡರೆ ಗೊತ್ತಾಗುತ್ತದೆ, ನಮ್ಮ ತಲೆ ಎಷ್ಟು ಮುಂದೆ ಇರುತ್ತದೆ ಅಂತ.

ಮಣ್ಣು ತೆಗೆಯಲು ನನ್ನ ಹತ್ತಿರ ಇದ್ದದ್ದು ಒಂದು ಹಳೆಯ ಬಾಲ್‌ಪೆನ್ ರೀಫಿಲ್, ಒಂದು ಟೂತ್‌ಪಿಕ್, ಒಂದು ಹೇರ್‌ಪಿನ್. ಕಣ್ಣಿನ ಗುಳಿಗಳನ್ನು ಹೆಬ್ಬೆರಳಿನಿಂದ ಒತ್ತಿ, ಅದರೊಳಗೆ ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡ ಎರಡು ಗುಂಡು ಕೂರಿಸಿದೆ. ಅದರ ಮೇಲೆ ತೆಳ್ಳಗೆ ಲಟ್ಟಿಸಿದ ರೆಪ್ಪೆ. ರೆಪ್ಪೆಯನ್ನು ಬೇರೆಯಾಗಿ ಮಾಡಿ ಗುಂಡಿನ ಮೇಲೆ ಹೊದಿಸಿದಾಗ ಮಾತ್ರ ಕಣ್ಣು ಕಣ್ಣಿನ ಹಾಗೆ ಕಾಣುತ್ತದೆ. ಗೆರೆ ಕೊರೆದರೆ ಕಾಣುವುದಿಲ್ಲ. ಒಂದು ಹುಬ್ಬು ಕೂದಲೆಳೆಯಷ್ಟು ಮೇಲೆ, ಬಾಯಿಯ ಒಂದು ಮೂಲೆ ಸ್ವಲ್ಪ ಬಿಗಿ. ಎರಡೂ ಕಡೆ ಒಂದೇ ಸಮ ಮಾಡಿದರೆ ಜೀವ ಇರುವುದಿಲ್ಲ. ಕಿವಿಯ ಗೋಜಿಗೆ ಹೋಗಲೇ ಇಲ್ಲ. ಚರ್ಮದ ಹೆಲ್ಮೆಟ್ ಅದನ್ನು ಮುಚ್ಚುತ್ತದೆ, ಅಲ್ಲಿ ದುಂಡಗಿನ ಉಬ್ಬು ಸಾಕು. ಅಚ್ಚು ತೆಗೆಯುವವರಿಗೆ ಇದು ದೊಡ್ಡ ಅನುಕೂಲ, ಕಿವಿಯ ಹಿಂದೆ ಪ್ಲಾಸ್ಟರ್ ಸಿಕ್ಕಿಕೊಳ್ಳುವ ಭಯ ಇಲ್ಲ.

ಅಚ್ಚು ಪ್ಲಾಸ್ಟರ್ ಆಫ್ ಪ್ಯಾರಿಸ್‌ನದು, ಎರಡು ಭಾಗ. ತಲೆಯನ್ನು ಮಲಗಿಸಿ, ಕಿವಿಯ ಗೆರೆಯವರೆಗೆ ಮಣ್ಣಿನಲ್ಲಿ ಹೂತು, ಸುತ್ತ ರಟ್ಟಿನ ಗೋಡೆ ಕಟ್ಟಿದೆ. ನೀರಿಗೆ ಪುಡಿಯನ್ನು ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. 70 ಗ್ರಾಂ ನೀರಿಗೆ ಸುಮಾರು 100 ಗ್ರಾಂ ಪುಡಿ. ಗುಳ್ಳೆ ಏಳದ ಹಾಗೆ ನಿಧಾನಕ್ಕೆ ಕಲಸಿ, ಮೊದಲು ಬ್ರಷ್‌ನಿಂದ ಮುಖಕ್ಕೆ ಬಳಿದು, ಆಮೇಲೆ ಸುರಿದೆ. ಹತ್ತು ನಿಮಿಷಕ್ಕೆ ಅಚ್ಚು ಕೈಗೆ ಬೆಚ್ಚಗೆ ತಾಗತೊಡಗಿತು. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ. ಆಗಷ್ಟೇ ಹಾಲು ಕರೆದ ಚೊಂಬು ಹಿಡಿದ ಹಾಗಿತ್ತು. ತಣ್ಣಗಾದ ಮೇಲೆ ಅಂಚಿನಲ್ಲಿ ನಾಲ್ಕು ಗುಳಿ ಕೊರೆದು, ವ್ಯಾಸಲೀನ್ ಸವರಿ, ಹಿಂಭಾಗ ಸುರಿದೆ. ವ್ಯಾಸಲೀನ್ ಮರೆತರೆ ಎರಡೂ ಭಾಗ ಒಂದೇ ಇಟ್ಟಿಗೆ ಆಗುತ್ತದೆ. ಬಿಡಿಸಿದಾಗ ನನ್ನ ಮಣ್ಣಿನ ತಲೆ ಚೂರುಚೂರು. ಆದರೆ ಅಚ್ಚಿನೊಳಗೆ ಅವನು ಇದ್ದ, ತಿರುಗುಮುರುಗಾಗಿ.

ಒಳಗೆ ಎರಕ ಹೊಯ್ದದ್ದು ರಾಳವಲ್ಲ, ಪುಟ್ಟಿಯಲ್ಲ, ಕಾಗದ. ಟಿಶ್ಯೂ ಕಾಗದವನ್ನು ಬೆರಳುಗುರಿನಷ್ಟು ಚೂರು ಮಾಡಿ, ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ಬ್ರಷ್‌ನಿಂದ ಚುಚ್ಚಿ ಚುಚ್ಚಿ ಮೂಲೆಗೆ ಕೂರಿಸಿದೆ. ಮೊದಲ ಎರಡು ಪದರ ಟಿಶ್ಯೂ, ಆಮೇಲೆ ನಾಲ್ಕು ಪದರ ದಿನಪತ್ರಿಕೆ. ಪ್ಲಾಸ್ಟರ್ ನೀರನ್ನು ತಾನೇ ಹೀರಿಕೊಳ್ಳುತ್ತದೆ, ಎರಡು ದಿನ ಸಾಕು. ಎರಡು ಚಿಪ್ಪು ಎದ್ದು ಬಂದವು. ಅಂಟಿಸಿ, ಅಂಚು ಉಜ್ಜಿ, ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟೆ. 11 ಗ್ರಾಂ! ಹಳೆಯ ತಲೆ ಒಂದೇ 140 ಗ್ರಾಂ ಇತ್ತು.

ಹೆಲ್ಮೆಟ್‌ಗೆ ಅಸಲಿ ಚರ್ಮ ಹಾಕುವ ಆಸೆ ಇತ್ತು. ಹಳೆಯ ಪರ್ಸ್ ಒಂದನ್ನು ಕತ್ತರಿಸಿಯೂ ಆಯಿತು. ಆದರೆ ಒಂದು ಮಿ.ಮೀ. ದಪ್ಪದ ಚರ್ಮ ಈ ಅಳತೆಯಲ್ಲಿ ನಾಲ್ಕು ಮಿ.ಮೀ. ದಪ್ಪದ ಹಾಗೆ ಕಾಣುತ್ತದೆ. ಹುಡುಗ ಕಂಬಳಿ ಹೊದ್ದ ಹಾಗಿದ್ದ. ಕಿತ್ತು ಬಿಸಾಕಿದೆ. ಕಾಗದದ ತಲೆಯ ಮೇಲೇ ಹೊಲಿಗೆಯ ಗೆರೆಗಳಿಗೆ ದಾರ ಅಂಟಿಸಿ, ಕಂದು ಬಣ್ಣ ಬಳಿದು, ಉಬ್ಬಿದ ಕಡೆ ಒಣ ಬ್ರಷ್‌ನಿಂದ ತಿಳಿ ಬಣ್ಣ ಸವರಿದೆ. ಅದೇ ಹೆಚ್ಚು ಚರ್ಮದ ಹಾಗೆ ಕಾಣುತ್ತದೆ. ಬಟ್ಟೆಯದೂ ಇದೇ ಕಥೆ. ಅಂಗಡಿಯ ಖಾಕಿ ಬಟ್ಟೆ ತಂದು ಹೊಲಿದರೆ ಅದರ ಸುಕ್ಕು ಚಿಕ್ಕದಾಗುವುದಿಲ್ಲ, ಗೋಣಿಚೀಲ ತೊಡಿಸಿದ ಹಾಗೆ ನಿಲ್ಲುತ್ತದೆ. ಅಪ್ಪನ ಹಳೆಯ ಮಲ್ ಪಂಚೆ ಒಂದಿತ್ತು, ಒಗೆದು ಒಗೆದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿತ್ತು. ಅದರ ತುಂಡುಗಳನ್ನು ಫೆವಿಕಾಲ್ ನೀರಿನಲ್ಲಿ ನೆನೆಸಿ ಫೋಮ್ ಮೇಲೆ ಹೊದಿಸಿದೆ. ಒದ್ದೆ ಇರುವಾಗಲೇ ಟೂತ್‌ಪಿಕ್‌ನಿಂದ ಮೊಣಕೈ ಒಳಗೆ, ಕಂಕುಳಲ್ಲಿ, ಸೊಂಟದಲ್ಲಿ ಸುಕ್ಕು ತಳ್ಳಿದೆ. ಎದೆ, ಬೆನ್ನಿನ ಮೇಲೆ ಸುಕ್ಕು ಬೇಡ. ಎಲ್ಲ ಕಡೆ ಸುಕ್ಕು ಹಾಕಿದರೆ ಮುದುಡಿದ ಕಾಗದವಾಗುತ್ತಾನೆ. ಒಣಗಿದ ಮೇಲೆ ಮೈಗೆ ಒಂದು ಗಟ್ಟಿ ಚರ್ಮವೂ ಬಂತು, ಬಣ್ಣ ಹಚ್ಚಲು ಭಯ ಇಲ್ಲ.

ಕೈಗಳಿಗೆ ಮಾತ್ರ ಎಪಾಕ್ಸಿ ಪುಟ್ಟಿ ಬಳಸಿದೆ, ತಾಮ್ರದ ತಂತಿಯ ಬೆರಳುಗಳ ಮೇಲೆ ತೆಳ್ಳಗೆ. ಬಲಗೈ ಸ್ಟಿಕ್ ಮೇಲೆ, ಎಡಗೈ ಥ್ರಾಟಲ್ ಮೇಲೆ. ಗ್ಲೌಸ್ ಅಂತ ಬಣ್ಣ ಬಳಿದರೆ ಉಗುರಿನ ಕೆಲಸ ಉಳಿಯುತ್ತದೆ. ಕೈಯನ್ನು ಚಿಕ್ಕದು ಮಾಡಬೇಡಿ. ನಿಮ್ಮ ಅಂಗೈಯನ್ನು ಗಲ್ಲಕ್ಕೆ ಇಟ್ಟು ನೋಡಿ, ಬೆರಳ ತುದಿ ಹಣೆಗೆ ಮುಟ್ಟುತ್ತದೆ.

ಇನ್ನು ಬಣ್ಣ. ಅಂಗಡಿಯಲ್ಲಿ "ಫ್ಲೆಶ್ ಟಿಂಟ್" ಅಂತ ಒಂದು ಟ್ಯೂಬ್ ಸಿಗುತ್ತದೆ. ಯಾರ ಮೈಬಣ್ಣವೋ ಏನೋ, ನಮ್ಮ ಓಣಿಯಲ್ಲಂತೂ ಆ ಬಣ್ಣದವರು ಯಾರೂ ಇಲ್ಲ. ಬರ್ನ್ಟ್ ಸಿಯೆನಾ, ಯೆಲ್ಲೊ ಓಕರ್, ಸ್ವಲ್ಪ ಬಿಳಿ, ಸೂಜಿಮೊನೆಯಷ್ಟು ಅಲ್ಟ್ರಾಮರೀನ್ ನೀಲಿ ಬೆರೆಸಿದೆ. ನನ್ನ ಮುಂಗೈ ಪಕ್ಕದಲ್ಲಿ ಇಟ್ಟು ಹೊಂದಿಸಿದೆ. ಅದನ್ನು ಮುಖಕ್ಕೆಲ್ಲ ಹಚ್ಚಿ ಒಣಗಿದ ಮೇಲೆ ಅಸಲಿ ಆಟ ಶುರು.

ಹತ್ತು ಮೀಟರ್ ದೂರದಿಂದ ನೋಡುವವರಿಗೆ ಮುಖದಲ್ಲಿ ಕಾಣುವುದು ಕಣ್ಣು, ಮೂಗು ಅಲ್ಲ. ನೆರಳು. ಹುಬ್ಬಿನ ಕೆಳಗಿನ ನೆರಳು, ಮೂಗಿನ ಪಕ್ಕದ ನೆರಳು, ಕೆಳತುಟಿಯ ಕೆಳಗಿನ ನೆರಳು. ಅಸಲಿ ತಲೆಯಲ್ಲಿ ಬಿಸಿಲೇ ಆ ಕೆಲಸ ಮಾಡುತ್ತದೆ. ಐದೂವರೆ ಸೆಂ.ಮೀ. ತಲೆಯಲ್ಲಿ ಗುಳಿಗಳೇ ಚಿಕ್ಕವು, ನೆರಳು ಸಾಲುವುದಿಲ್ಲ. ನಾವೇ ಬರೆದು ಕೊಡಬೇಕು. ಕಡು ಕಂದನ್ನು ಕಷಾಯದಷ್ಟು ತೆಳ್ಳಗೆ ಮಾಡಿ ಗುಳಿಗಳಿಗೆ ಹರಿಸಿದೆ. ಒಣಗಿದ ಮೇಲೆ ಕೆನ್ನೆಯ ಮೂಳೆ, ಮೂಗಿನ ದಿಂಡು, ಗಲ್ಲದ ತುದಿಗೆ ತಿಳಿ ಬಣ್ಣ. ಮೇಜಿನ ಮೇಲೆ ಹತ್ತಿರದಿಂದ ನೋಡಿದರೆ ನಾಟಕದ ಮೇಕಪ್ ಥರ ಜಾಸ್ತಿ ಅನಿಸಿತು. ಹಜಾರದ ಆ ತುದಿಯಲ್ಲಿಟ್ಟು ಈ ತುದಿಯಿಂದ ನೋಡಿದರೆ ಇನ್ನೂ ಸಾಲದು ಅನಿಸಿತು. ಮೊಬೈಲ್‌ನಲ್ಲಿ ಕಪ್ಪು ಬಿಳುಪು ಫೋಟೊ ತೆಗೆದು ನೋಡೋದು ಒಳ್ಳೆಯ ಉಪಾಯ. ಬಣ್ಣದ ಮೋಸ ಹೋಗಿ ನೆರಳು ಮಾತ್ರ ಉಳಿಯುತ್ತದೆ.

ಗಣೇಶನ ಮೂರ್ತಿಗೆ ಬರೆಯುವ ಹಾಗೆ ಕಣ್ಣು ಕೊನೆಗೆ. ಇಲ್ಲಿ ನನಗೆ ರಾಗಿ ಹೊಲದ ಅಮ್ಮ ನೆನಪಾದರು. ದೃಷ್ಟಿ ಬೊಂಬೆಯ ಕಣ್ಣು ಯಾಕೆ ಹೆದರಿಸುತ್ತದೆ? ಕಪ್ಪು ಗುಡ್ಡೆಯ ಸುತ್ತಲೂ ಬಿಳಿ ಕಾಣುತ್ತದೆ, ಅದಕ್ಕೆ. ಸುಮ್ಮನೆ ನೋಡುವ ಮನುಷ್ಯನ ಗುಡ್ಡೆಯ ಮೇಲಂಚನ್ನು ರೆಪ್ಪೆ ಮುಚ್ಚಿರುತ್ತದೆ. ಬಿಸಿಲಲ್ಲಿ ಕಣ್ಣು ಕಿರಿದು ಮಾಡಿದರೆ ಕೆಳಗಿನದೂ ಮುಚ್ಚುತ್ತದೆ. ಹಾಗಾಗಿ ಬಿಳಿಯ ಬದಲು ಬೂದು ಕಲಸಿದ ಕೆನೆಬಣ್ಣ ಹಚ್ಚಿದೆ, ಅದೂ ಎರಡು ಮೂಲೆಯಲ್ಲಿ ಮಾತ್ರ. ಮೂರು ಮಿ.ಮೀ. ಕಂದು ಗುಡ್ಡೆ, ಮೇಲೆ ರೆಪ್ಪೆಯ ಕಡು ಗೆರೆ. ಉಸಿರು ಬಿಗಿಹಿಡಿದು ಮೊದಲ ಕಣ್ಣು ಬರೆದೆ, ಸರಿಬಂತು. ಎರಡನೆಯದನ್ನು ನಾಲ್ಕು ಸಲ ಅಳಿಸಿದೆ. ಕೊನೆಗೆ ಇಡೀ ತಲೆಗೆ ಮ್ಯಾಟ್ ವಾರ್ನಿಶ್, ಕಣ್ಣಿಗೆ ಮತ್ತು ಕೆಳತುಟಿಗೆ ಮಾತ್ರ ಒಂದು ಹನಿ ಹೊಳಪು. ಆಗ ಅವನು ಮೊದಲ ಸಲ ನನ್ನನ್ನು ನೋಡಿದ. ಸುಳ್ಳಲ್ಲ, ಸ್ವಲ್ಪ ಮೈ ಜುಮ್ ಅಂತು.

ಇಷ್ಟೆಲ್ಲ ಮಾಡಿ ಅದರ ಮೇಲೆ ಗಾಗಲ್ಸ್ ಹಾಕಿದ್ದಕ್ಕೆ ಅಣ್ಣನ ಮಗಳಿಗೆ ಸಿಟ್ಟು. ಹಣೆಯ ಮೇಲೆ ಇಡು, ಕಣ್ಣು ಕಾಣಲಿ ಅಂದಳು. ತೆರೆದ ಕಾಕ್‌ಪಿಟ್‌ನಲ್ಲಿ, ಪ್ರೊಪೆಲ್ಲರ್ ಗಾಳಿಯಲ್ಲಿ ಹಾರುತ್ತಿರುವವನು ಗಾಗಲ್ಸ್ ಹಣೆಗೇರಿಸಿ ಕೂರೋದು ನನಗೆ ಒಗ್ಗಲಿಲ್ಲ. ಗಾಜು ಪಾರದರ್ಶಕವೇ ತಾನೆ, ಕಣ್ಣು ಕಾಣುತ್ತದೆ. ಅದು ಅಮ್ಮನ ಕ್ಯಾಲ್ಸಿಯಂ ಮಾತ್ರೆಯ ಸ್ಟ್ರಿಪ್‌ನಿಂದ ಬಂದದ್ದು. ಒಂದೊಂದು ಗೂಡನ್ನೂ ಕತ್ತರಿಸಿದರೆ ಉಬ್ಬಿದ, ಅಂಡಾಕಾರದ ಗಾಜು ಸಿದ್ಧ. ಚೌಕಟ್ಟಿಗೆ ಕಪ್ಪು ವೈರಿನ ಸಿಪ್ಪೆ ಸೀಳಿ ಅಂಚಿಗೆ ಕೂರಿಸಿದೆ.

ಹೆಲ್ಮೆಟ್‌ನ ಕಿವಿಯಿಂದ ಎರಡು ಕೊಳವೆ ಇಳಿದು ಒಂದಾಗುತ್ತವೆ. ಇದು ಗಾಸ್‌ಪೋರ್ಟ್ ಟ್ಯೂಬ್. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ನಡೆಸಿದ ಹಾರಾಟದ ಶಾಲೆಯಿಂದ ಬಂದ ಹೆಸರು. ತಂತಿಯಿಲ್ಲ, ಬ್ಯಾಟರಿಯಿಲ್ಲ. ಮುಂದೆ ಕೂತ ಗುರು ಕೊಳವೆಯೊಳಗೆ ಕೂಗುತ್ತಾನೆ, ಹಿಂದಿನವನ ಕಿವಿಗೆ ನೇರ ಬೀಳುತ್ತದೆ. ಬೆಂಕಿಪೊಟ್ಟಣಕ್ಕೆ ದಾರ ಕಟ್ಟಿ ಮಾತಾಡಿದ ಆಟದ ಅಣ್ಣ ಅನ್ನಬಹುದು. ನನ್ನ ಹುಡುಗನಿಗೆ ಮುಂದೆ ಬೈಯುವವರು ಯಾರೂ ಇಲ್ಲ. ಕೊಳವೆಯ ತುದಿಯನ್ನು ಎದೆಯ ಪಟ್ಟಿಗೆ ಸಿಕ್ಕಿಸಿಬಿಟ್ಟೆ.

ಆ ಪಟ್ಟಿಯೇ ಸಟನ್ ಹಾರ್ನೆಸ್, ಪೈಲಟ್‌ನನ್ನು ಸೀಟಿಗೆ ಬಿಗಿಯುವ ಪಟ್ಟಿ. ಎರಡು ಭುಜದಿಂದ, ಎರಡು ತೊಡೆಯಿಂದ, ನಾಲ್ಕೂ ಪಟ್ಟಿ ಮಧ್ಯೆ ಸೇರಿ ಒಂದು ಪಿನ್ನಿನಲ್ಲಿ ನಿಲ್ಲುತ್ತವೆ. ದರ್ಜಿ ಅಂಗಡಿಯ ಹತ್ತಿ ಟೇಪ್ ತಂದೆ. ತೀರಾ ಬೆಳ್ಳಗಿತ್ತು. ಬೆಳಗ್ಗೆ ಉಳಿದ ಕಾಫಿ ಡಿಕಾಕ್ಷನ್‌ನಲ್ಲಿ ಒಂದು ಗಂಟೆ ನೆನೆಸಿದೆ. ಬಣ್ಣ ಚೆನ್ನಾಗಿ ಬಂತು, ವಾಸನೆ ಇನ್ನೂ ಹೋಗಿಲ್ಲ. ಈ ಸಲ ಇದು ಬರೀ ಅಲಂಕಾರ ಅಲ್ಲ. ಪಟ್ಟಿಗಳ ಹಿಂದಿನ ತುದಿ ಸೀಟಿನ ಪ್ಲೈವುಡ್‌ಗೆ ಸ್ಕ್ರೂ ಆಗಿದೆ. ಪೈಲಟ್‌ನ ಬುಡದಲ್ಲೂ ಪ್ಲೈವುಡ್ ತುಂಡು, ಅದಕ್ಕೆ ಕೆಳಗಿನಿಂದ ಎರಡು 3 ಮಿ.ಮೀ. ಬೋಲ್ಟ್. ತಲೆಕೆಳಗಾಗಿ ಹಿಡಿದು ಜೋರಾಗಿ ಕೊಡವಿದೆ. ಅಲುಗಲಿಲ್ಲ.

ತಲೆ ತಿರುಗುವ ಹಾಗೆ ಮಾಡಬೇಕು ಅಂತ ಒಂದು ಹುಚ್ಚು ಹತ್ತಿತ್ತು. 9 ಗ್ರಾಂನ ಸರ್ವೊ ಒಂದನ್ನು ಎದೆಯೊಳಗೆ ಕೂರಿಸಿ, ಬಾಲದ ಚುಕ್ಕಾಣಿಯಾದ ರಡ್ಡರ್ ಜೊತೆ ಜೋಡಿಸಿದೆ. ಮೇಜಿನ ಮೇಲೆ ಸೊಗಸಾಗಿ ತಿರುಗಿತು. ಎಂಜಿನ್ ಶುರು ಮಾಡಿದ ಕೂಡಲೇ ಅದರ ನಡುಕಕ್ಕೆ ಕೋಲೆ ಬಸವನ ಹಾಗೆ ತಲೆ ಆಡಿಸತೊಡಗಿದ. ತೆಗೆದುಹಾಕಿದೆ. ಈಗ ತಲೆ ಎಡಕ್ಕೆ ಸುಮಾರು 20 ಡಿಗ್ರಿ ತಿರುಗಿ, ತುಸು ಮೇಲೆತ್ತಿ ನಿಂತಿದೆ. ನಾನು ಬಯಲಿನ ಸುತ್ತ ಹೆಚ್ಚಾಗಿ ಎಡಕ್ಕೇ ತಿರುಗಿಸೋದು. ತಿರುವಿನೊಳಗೆ ನೋಡುತ್ತಿರುವವನ ಹಾಗೆ ಕಾಣುತ್ತಾನೆ. ನೆಟ್ಟಗೆ ಮುಂದೆ ನೋಡುವ ಬೊಂಬೆಗಿಂತ ಇದು ಸಾವಿರ ಪಾಲು ವಾಸಿ.

ಕೊನೆಯ ತೂಕ. ತಲೆ ಹೆಲ್ಮೆಟ್, ಗಾಗಲ್ಸ್ ಸೇರಿ 16, ಫೋಮ್ ಮೈ 30, ಪಂಚೆ ಮತ್ತು ಬಣ್ಣ 34, ಕೈ 12, ಪಟ್ಟಿಗಳು 9, ಪ್ಲೈವುಡ್ ಮತ್ತು ಬೋಲ್ಟ್ 17. ಒಟ್ಟು 118 ಗ್ರಾಂ. ಮೂಗಿನ ಸೀಸ 155ರಿಂದ 59ಕ್ಕೆ ಇಳಿಯಿತು. ವಿಮಾನ ಒಟ್ಟು 288 ಗ್ರಾಂ ಹಗುರ.

ಕಳೆದ ಭಾನುವಾರ ಬಯಲಿಗೆ ಹೋದೆ. ರಾಗಿ ಕೊಯ್ಲು ಯಾವಾಗಲೋ ಮುಗಿದು ಹೊಲ ಬರೀ ಕೂಳೆ. ಹೊಲದ ಅಮ್ಮ ಎಮ್ಮೆ ಹೊಡೆದುಕೊಂಡು ಬದುವಿನಲ್ಲಿ ನಿಂತಿದ್ದರು. ಮೂರು ಸುತ್ತು, ಒಂದು ಲೂಪ್, ಆಮೇಲೆ ಹೊಲದಿಂದ ದೂರ ಹೋಗಿ ಒಂದು ಸ್ಲೋ ರೋಲ್. ಅಂಗಾತವಾದಾಗ ನನ್ನ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಏನೂ ಬೀಳಲಿಲ್ಲ. ತಗ್ಗಿನಲ್ಲಿ ಒಂದು ಸಲ ನಮ್ಮ ಮುಂದೆಯೇ ಹಾಯಿಸಿದೆ, ಎಡಕ್ಕೆ ವಾಲಿಸಿ, ಕಾಕ್‌ಪಿಟ್ ನಮ್ಮ ಕಡೆಗೆ ಕಾಣುವ ಹಾಗೆ.

ಇಳಿಸಿದ ಮೇಲೆ ಆಯಮ್ಮ ಹತ್ತಿರ ಬಂದು ಬಗ್ಗಿ ನೋಡಿದರು.

"ಇವ್ನು ಯಾರ ಮಗ?"

"ಯಾರ ಮಗನೂ ಅಲ್ಲಮ್ಮಾ. ಕಾಗದದಲ್ಲಿ ಮಾಡಿದ್ದು."

"ಮುಂದೆ ಕೂತ್ಕೊಳ್ಳೋಕೆ ಏನಂತೆ? ಖಾಲಿ ಐತಲ್ಲ."

ತೂಕದ ಕೇಂದ್ರದ ಕಥೆ ಹೇಳಿದೆ. ಅರ್ಧ ಕೇಳಿ ಎಮ್ಮೆಯ ಹಿಂದೆ ಹೋದರು.

ಮನೆಗೆ ತಂದು ನೋಡಿದರೆ ಎಂಜಿನ್ ಉಗುಳಿದ ಎಣ್ಣೆ ಅವನ ಮುಖಕ್ಕೆಲ್ಲ ಸಣ್ಣ ಸಣ್ಣ ಚುಕ್ಕೆಯಾಗಿ ಹಾರಿತ್ತು. ಗಾಗಲ್ಸ್‌ನ ಬಲಗಡೆಯ ಗಾಜಿನ ಅಂಟು ಬಿಟ್ಟಿತ್ತು. ಗಾಜು ತೆಗೆದು ಒರೆಸಿ ಮತ್ತೆ ಅಂಟಿಸಿದೆ. ಅದು ಮುಚ್ಚಿದ್ದ ಜಾಗ ಸ್ವಚ್ಛವಾಗಿತ್ತು, ಸುತ್ತ ಮಾತ್ರ ಎಣ್ಣೆಮಸಿ. ಮುಖದ ಎಣ್ಣೆಯನ್ನು ಒರೆಸಲಿಲ್ಲ, ಹಾಗೇ ಬಿಟ್ಟಿದ್ದೇನೆ.